ಸರ್ವೋಚ್ಚ ನ್ಯಾಯಾಲಯದ ತೆರವಾದ ಸ್ಥಾನಗಳು: ಜ್ಯೇಷ್ಠತೆಯ ಸಂಪ್ರದಾಯ ಮತ್ತು ಆಯ್ಕೆಯ ಪ್ರಶ್ನೆ

ಭಾರತದ ಸರ್ವೋಚ್ಚ ನ್ಯಾಯಾಲಯದಲ್ಲಿ ಸ್ಥಾನವೊಂದು ತೆರವಾಗುವ ದಿನ ಬಹಳ ಮುಂಚೆಯೇ ತಿಳಿದಿರುತ್ತದೆ. ನ್ಯಾಯಮೂರ್ತಿಗಳು 65 ವರ್ಷ ತುಂಬುವವರೆಗೆ ಅಧಿಕಾರದಲ್ಲಿರತಕ್ಕದ್ದೆಂದು ಸಂವಿಧಾನವೇ ವಿಧಿಸಿರುವುದರಿಂದ, ಮರಣ, ರಾಜೀನಾಮೆಗಳಂತಹ ಸಂದರ್ಭಗಳನ್ನು ಬಿಟ್ಟರೆ, ನಿವೃತ್ತಿಯ ಪಟ್ಟಿಯನ್ನು ಯಾರು ಬೇಕಾದರೂ ಸಿದ್ಧಪಡಿಸಬಹುದು. ಆದರೆ ತೆರವಾದ ಸ್ಥಾನಕ್ಕೆ ಯಾರು ಬರುವರು, ಅವರೇ ಏಕೆ ಬರಬೇಕು ಎಂಬ ವಿಷಯದಲ್ಲಿ ಊಹೆಯೇ ಪ್ರಧಾನವಾಗಿದೆ. ಇದಕ್ಕೆ ವ್ಯತಿರಿಕ್ತವಾಗಿ, ಮುಖ್ಯ ನ್ಯಾಯಮೂರ್ತಿಯ ಹುದ್ದೆಗೆ ಮುಂದೆ ಯಾರು ಎಂಬುದರಲ್ಲಿ ಊಹೆಗೆ ಎಡೆಯೇ ಇಲ್ಲವೆನ್ನುವಷ್ಟು ಖಚಿತತೆ ಇದೆ. ಒಂದೆಡೆ ಪೂರ್ಣ ಅನಿಶ್ಚಿತತೆ, ಮತ್ತೊಂದೆಡೆ ಪೂರ್ಣ ನಿಶ್ಚಿತತೆ ಇರುವ ಈ ಸ್ಥಿತಿ ಹೇಗೆ ರೂಪುಗೊಂಡಿತು, ಇವೆರಡರ ನಡುವಣ ಸಂಬಂಧವೇನು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಸಂವಿಧಾನದ ಮಾತು ಮತ್ತು ಮೌನ

ಸಂವಿಧಾನದ 124ನೆಯ ವಿಧಿಯು ಸರ್ವೋಚ್ಚ ನ್ಯಾಯಾಲಯದ ರಚನೆಯನ್ನು ನಿರೂಪಿಸುತ್ತದೆ. 1950ರಲ್ಲಿ ಮುಖ್ಯ ನ್ಯಾಯಮೂರ್ತಿಯವರ ಹೊರತಾಗಿ ಗರಿಷ್ಠ 7 ನ್ಯಾಯಮೂರ್ತಿಗಳಿಗೆ ಅವಕಾಶವಿತ್ತು. ಈ ಸಂಖ್ಯೆಯನ್ನು ಸಂಸತ್ತು ಹಂತಹಂತವಾಗಿ ಏರಿಸುತ್ತ ಬಂದು 2019ರಲ್ಲಿ 33ಕ್ಕೆ ತಂದಿತು. ಅರ್ಹತೆಯ ವಿಷಯದಲ್ಲಿ ಸಂವಿಧಾನದ ನಿಬಂಧನೆಗಳು ಸರಳವಾಗಿವೆ. ಭಾರತದ ಪ್ರಜೆಯಾಗಿರುವುದರ ಜೊತೆಗೆ ಉಚ್ಚ ನ್ಯಾಯಾಲಯದಲ್ಲಿ 5 ವರ್ಷ ನ್ಯಾಯಮೂರ್ತಿಯಾಗಿರಬೇಕು, ಇಲ್ಲವೆ 10 ವರ್ಷ ವಕೀಲರಾಗಿರಬೇಕು, ಇಲ್ಲವೆ ರಾಷ್ಟ್ರಪತಿಗಳ ಅಭಿಪ್ರಾಯದಲ್ಲಿ ವಿಶಿಷ್ಟ ನ್ಯಾಯಶಾಸ್ತ್ರಜ್ಞರಾಗಿರಬೇಕು. ಮೂರನೆಯ ವರ್ಗದಿಂದ 2024ರ ಅಂತ್ಯದವರೆಗೆ ಒಬ್ಬರೂ ನೇಮಕಗೊಂಡಿಲ್ಲವೆಂಬುದು ಗಮನಾರ್ಹ.

ಈ ಅರ್ಹತೆಗಳನ್ನು ಪೂರೈಸುವವರು ದೇಶದಲ್ಲಿ ಸಹಸ್ರಾರು ಮಂದಿ ಇದ್ದಾರೆ. ಅವರಲ್ಲಿ ಯಾರನ್ನು ಆರಿಸಬೇಕೆಂಬ ಬಗ್ಗೆ ಸಂವಿಧಾನವು ಮೌನ ವಹಿಸಿದೆ. ಮುಖ್ಯ ನ್ಯಾಯಮೂರ್ತಿಯನ್ನು ಸೇವಾ ಜ್ಯೇಷ್ಠತೆಯಿಂದಲೇ ಆರಿಸಬೇಕೆಂದೂ ಅದು ಎಲ್ಲಿಯೂ ಹೇಳಿಲ್ಲ. ಈ ಎರಡು ಮೌನಗಳಲ್ಲಿ ಎರಡನೆಯದನ್ನು ಸಂಪ್ರದಾಯವು ತುಂಬಿತು. ಮೊದಲನೆಯದು ಹಾಗೆಯೇ ಉಳಿಯಿತು.

1973: ಸಂಪ್ರದಾಯದ ಭಂಗ

ಸರ್ವೋಚ್ಚ ನ್ಯಾಯಾಲಯದ ಆರಂಭದ ಎರಡು ದಶಕಗಳಲ್ಲಿ ಅತ್ಯಂತ ಹಿರಿಯರೇ ಮುಖ್ಯ ನ್ಯಾಯಮೂರ್ತಿಯಾಗುವ ಪದ್ಧತಿ ನಡೆದುಬಂದಿತು. 1964ರಲ್ಲಿ ಅನಾರೋಗ್ಯಪೀಡಿತರಾಗಿದ್ದ ನ್ಯಾಯಮೂರ್ತಿ ಜಾಫರ್ ಇಮಾಮ್ ಅವರನ್ನು ಬಿಟ್ಟು ಪಿ. ಬಿ. ಗಜೇಂದ್ರಗಡ್ಕರ್ ಅವರನ್ನು ನೇಮಿಸಿದ್ದು ಇದಕ್ಕೆ ಅಪವಾದ. ಎಂ. ಸಿ. ಸೆಟಲ್ವಾಡ್ ಅವರ ಅಧ್ಯಕ್ಷತೆಯ ಕಾನೂನು ಆಯೋಗವು 1958ರ ತನ್ನ 14ನೆಯ ವರದಿಯಲ್ಲಿ, ಕೇವಲ ಜ್ಯೇಷ್ಠತೆಯನ್ನು ಆಧರಿಸದೆ ಆಡಳಿತ ಸಾಮರ್ಥ್ಯ ಮತ್ತು ಯೋಗ್ಯತೆಗಳನ್ನೂ ಪರಿಗಣಿಸಿ ಮುಖ್ಯ ನ್ಯಾಯಮೂರ್ತಿಯನ್ನು ನೇಮಿಸಬೇಕೆಂದು ಶಿಫಾರಸು ಮಾಡಿತ್ತು. ಆಗ ಅದನ್ನು ಯಾರೂ ಅನುಷ್ಠಾನಕ್ಕೆ ತರಲಿಲ್ಲ.

1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠವು 7–6ರ ಬಹುಮತದಿಂದ ಕೇಶವಾನಂದ ಭಾರತಿ ಪ್ರಕರಣದ ತೀರ್ಪನ್ನು ನೀಡಿತು. ಮರುದಿನವೇ, ಜೆ. ಎಂ. ಶೆಲತ್, ಕೆ. ಎಸ್. ಹೆಗ್ಡೆ ಮತ್ತು ಎ. ಎನ್. ಗ್ರೋವರ್ ಅವರನ್ನು ಬದಿಗಿರಿಸಿ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ನೇಮಿಸಿರುವುದನ್ನು ಸರ್ಕಾರ ಪ್ರಕಟಿಸಿತು. ಬದಿಗೆ ಸರಿದ ಮೂವರೂ ಬಹುಮತದ ಪಕ್ಷದಲ್ಲಿದ್ದವರು. ರೇ ಅವರು ಅಲ್ಪಮತದಲ್ಲಿದ್ದವರು. ಮೂವರೂ ರಾಜೀನಾಮೆ ಸಲ್ಲಿಸಿದರು. ಕೇಂದ್ರ ಸಚಿವ ಮೋಹನ ಕುಮಾರಮಂಗಲಂ ಅವರು ಲೋಕಸಭೆಯಲ್ಲಿ ಈ ಕ್ರಮವನ್ನು ಸಮರ್ಥಿಸುತ್ತ 1958ರ ವರದಿಯನ್ನೇ ಆಧಾರವಾಗಿ ಬಳಸಿಕೊಂಡರು. ನ್ಯಾಯಮೂರ್ತಿಗಳ ಜೀವನದೃಷ್ಟಿಯನ್ನೂ ಸರ್ಕಾರ ಪರಿಗಣಿಸಬಹುದೆಂದು ವಾದಿಸಿದರು. ಯೋಗ್ಯತೆಯನ್ನು ಕುರಿತ ಒಂದು ಶಿಫಾರಸು ಹೀಗೆ ವಿಧೇಯತೆಯ ಸಂಶಯಕ್ಕೆ ಎಡೆಮಾಡಿಕೊಟ್ಟಿತು.

ಇವರಲ್ಲಿ ಕೆ. ಎಸ್. ಹೆಗ್ಡೆಯವರು ಕಾರ್ಕಳ ತಾಲ್ಲೂಕಿನವರು. 1957ರಲ್ಲಿ ಮೈಸೂರು ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾಗಿ, 1966ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಯಾಗಿ, 1967ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದವರು. ರಾಜೀನಾಮೆಯ ಅನಂತರ ರಾಜಕೀಯಕ್ಕೆ ಮರಳಿ 1977ರಲ್ಲಿ ಲೋಕಸಭೆಯ ಅಧ್ಯಕ್ಷರಾದರು.

ಜ್ಯೇಷ್ಠತೆಯ ಕ್ರಮವು ಮುರಿಯದಿದ್ದಲ್ಲಿ ಏನಾಗುತ್ತಿತ್ತೆಂಬುದನ್ನು ಲೆಕ್ಕ ಹಾಕಬಹುದು. ಶೆಲತ್ ಅವರು 1973ರ ಜುಲೈವರೆಗೆ, ಹೆಗ್ಡೆಯವರು 1974ರ ಜೂನ್‌ವರೆಗೆ, ಗ್ರೋವರ್ ಅವರು 1977ರ ಫೆಬ್ರವರಿಯವರೆಗೆ ಮುಖ್ಯ ನ್ಯಾಯಮೂರ್ತಿಗಳಾಗಿರುತ್ತಿದ್ದರು. ರೇ ಅವರ ನಿವೃತ್ತಿ 1977ರ ಜನವರಿಯಲ್ಲಿ. ಅಂದರೆ ಗ್ರೋವರ್ ಅವರಿಗಿಂತ ಕೆಲವೇ ವಾರ ಮುಂಚೆ. ಅವರು ಎಂದೂ ಆ ಹುದ್ದೆಗೆ ಏರುತ್ತಿರಲಿಲ್ಲ. 1975ರ ಜೂನ್‌ನಲ್ಲಿ ಘೋಷಿತವಾದ ತುರ್ತು ಪರಿಸ್ಥಿತಿಯ ಕಾಲದಲ್ಲಿ ನ್ಯಾಯಪೀಠಗಳನ್ನು ರಚಿಸುವ ಅಧಿಕಾರವು ಬೇರೊಬ್ಬರ ಕೈಯಲ್ಲಿರುತ್ತಿತ್ತು. 1976ರ ಏಪ್ರಿಲ್‌ನ ಜಬಲ್‌ಪುರ ಪ್ರಕರಣದಲ್ಲಿ ಐವರ ಪೀಠದ ಪೈಕಿ ಎಚ್. ಆರ್. ಖನ್ನಾ ಒಬ್ಬರೇ ಭಿನ್ನ ತೀರ್ಪು ನೀಡಿದರು. 1977ರ ಜನವರಿಯಲ್ಲಿ ಅವರನ್ನೂ ಬಿಟ್ಟು ಅವರಿಗಿಂತ ಕಿರಿಯರಾದ ಎಂ. ಎಚ್. ಬೇಗ್ ಅವರನ್ನು ನೇಮಿಸಲಾಯಿತು. ಖನ್ನಾ ಅವರೂ ರಾಜೀನಾಮೆ ನೀಡಿದರು.

ಈ ಎರಡು ಘಟನೆಗಳ ತರುವಾಯ ಜ್ಯೇಷ್ಠತೆಯು ಆಡಳಿತದ ಅನುಕೂಲವಾಗಿ ಉಳಿಯದೆ ನ್ಯಾಯಾಂಗದ ಸ್ವಾತಂತ್ರ್ಯದ ಕವಚವಾಯಿತು. ಅದು ಶ್ರೇಷ್ಠರನ್ನು ಆರಿಸಿಕೊಡುತ್ತದೆಂಬ ನಂಬಿಕೆಗಿಂತ, ಆರಿಸುವ ಅಧಿಕಾರವನ್ನು ಯಾರಿಗೂ ಕೊಡುವುದಿಲ್ಲವೆಂಬ ಭರವಸೆಯೇ ಅದರ ಬಲ.

ಆಯ್ಕೆಯ ಅಧಿಕಾರದ ಸ್ಥಿತ್ಯಂತರ

ಹುದ್ದೆಗಳನ್ನು ತುಂಬುವ ಅಧಿಕಾರ ಯಾರದೆಂಬ ವಿವಾದವು ಮೂರು ಘಟ್ಟಗಳಲ್ಲಿ ಬೆಳೆಯಿತು. 1981ರ ಎಸ್. ಪಿ. ಗುಪ್ತಾ ಪ್ರಕರಣದಲ್ಲಿ ಕಾರ್ಯಾಂಗದ ಮಾತೇ ಅಂತಿಮವೆಂದು ತೀರ್ಮಾನವಾಯಿತು. 1993ರ ತೀರ್ಪು ಇದನ್ನು ತಿರುವುಮುರುವಾಗಿಸಿ, ಮುಖ್ಯ ನ್ಯಾಯಮೂರ್ತಿ ಮತ್ತು ಇಬ್ಬರು ಹಿರಿಯ ಸಹೋದ್ಯೋಗಿಗಳ ಅಭಿಪ್ರಾಯಕ್ಕೆ ಪ್ರಾಧಾನ್ಯ ನೀಡಿತು. 1998ರ ಸಲಹಾತ್ಮಕ ಅಭಿಪ್ರಾಯವು ಈ ಸಮೂಹವನ್ನು ಮುಖ್ಯ ನ್ಯಾಯಮೂರ್ತಿ ಮತ್ತು ನಾಲ್ವರು ಹಿರಿಯರ ಕೊಲಿಜಿಯಂ ಆಗಿ ವಿಸ್ತರಿಸಿತು. ಹಿರಿಯರನ್ನು ದಾಟಿ ಕಿರಿಯರನ್ನು ಆರಿಸಿದಾಗ ಹಾಗೆ ದಾಟಿದ್ದಕ್ಕೆ ಕಾರಣ ಬರೆಯಬೇಕಾಗಿಲ್ಲ, ಆದರೆ ಆರಿಸಿದವರನ್ನು ಏಕೆ ಆರಿಸಲಾಯಿತೆಂಬುದನ್ನು ದಾಖಲಿಸಬೇಕು ಎಂದು ಅದೇ ಅಭಿಪ್ರಾಯದಲ್ಲಿ ಹೇಳಲಾಗಿದೆ.

ಕೊಲಿಜಿಯಂ ಬದಲಿಗೆ ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗವನ್ನು ತರಲು ಮಾಡಲಾದ 99ನೆಯ ಸಂವಿಧಾನ ತಿದ್ದುಪಡಿಯನ್ನು 2015ರ ಅಕ್ಟೋಬರ್ 16ರಂದು 4–1ರ ಬಹುಮತದಿಂದ ಅಸಿಂಧುಗೊಳಿಸಲಾಯಿತು. ಭಿನ್ನ ತೀರ್ಪು ನೀಡಿದ ನ್ಯಾಯಮೂರ್ತಿ ಜೆ. ಚೆಲಮೇಶ್ವರ್ ಅವರು ಕೊಲಿಜಿಯಂ ವ್ಯವಸ್ಥೆಯ ಅಪಾರದರ್ಶಕತೆಯನ್ನು ಕಟುವಾಗಿ ಟೀಕಿಸಿದರು. ಬಹುಮತದಲ್ಲಿದ್ದ ಕುರಿಯನ್ ಜೋಸೆಫ್ ಅವರೂ ಆ ವ್ಯವಸ್ಥೆಗೆ ಸುಧಾರಣೆ ಅಗತ್ಯವೆಂಬುದನ್ನು ಒಪ್ಪಿದರು. 2017ರ ಅಕ್ಟೋಬರ್‌ನಿಂದ ಕೊಲಿಜಿಯಂ ನಿರ್ಣಯಗಳನ್ನು ಸಾರ್ವಜನಿಕವಾಗಿ ಪ್ರಕಟಿಸುವ ಪದ್ಧತಿ ಆರಂಭವಾಯಿತು.

ಪ್ರವೇಶದ ದಿನದ ನಿರ್ಣಾಯಕತೆ

ಜ್ಯೇಷ್ಠತೆಯನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಮಾಣವಚನ ಸ್ವೀಕರಿಸಿದ ಕ್ರಮದಿಂದ ಎಣಿಸಲಾಗುತ್ತದೆ. ಆದ್ದರಿಂದ ಜನ್ಮದಿನಾಂಕ ಮತ್ತು ಪ್ರಮಾಣವಚನದ ಕ್ರಮ, ಇವೆರಡೇ ಮುಂದಿನ ಮುಖ್ಯ ನ್ಯಾಯಮೂರ್ತಿ ಯಾರೆಂಬುದನ್ನು ನಿರ್ಧರಿಸುತ್ತವೆ. ಕರ್ನಾಟಕ ಉಚ್ಚ ನ್ಯಾಯಾಲಯದಿಂದ ಹೋಗಿ ಮುಖ್ಯ ನ್ಯಾಯಮೂರ್ತಿಗಳಾದವರಲ್ಲಿ ಇ. ಎಸ್. ವೆಂಕಟರಾಮಯ್ಯನವರಿಗೆ 1989ರಲ್ಲಿ ಸುಮಾರು 6 ತಿಂಗಳು, ಎಂ. ಎನ್. ವೆಂಕಟಾಚಲಯ್ಯನವರಿಗೆ 1993–94ರಲ್ಲಿ ಸುಮಾರು 20 ತಿಂಗಳು, ಎಸ್. ರಾಜೇಂದ್ರಬಾಬು ಅವರಿಗೆ 2004ರಲ್ಲಿ 30 ದಿನ ದೊರೆತವು. ಈ ಅಂತರಕ್ಕೂ ಅವರ ವಿದ್ವತ್ತಿಗೂ ಯಾವ ಸಂಬಂಧವೂ ಇಲ್ಲ.

2000ದ ಜನವರಿ 28ರಂದು, ನ್ಯಾಯಾಲಯದ ಸುವರ್ಣ ಮಹೋತ್ಸವದ ದಿನ, ವೈ. ಕೆ. ಸಭರ್ವಾಲ್ ಮತ್ತು ರೂಮಾ ಪಾಲ್ ಒಂದೇ ದಿನ ಪ್ರಮಾಣವಚನ ಸ್ವೀಕರಿಸಿದರು. ಕ್ರಮದಲ್ಲಿ ಸಭರ್ವಾಲ್ ಮುಂದಿದ್ದರು. 2005ರ ನವೆಂಬರ್‌ನಲ್ಲಿ ಅವರು ಮುಖ್ಯ ನ್ಯಾಯಮೂರ್ತಿಯಾದರು. ರೂಮಾ ಪಾಲ್ 2006ರ ಜೂನ್‌ನಲ್ಲಿ ನ್ಯಾಯಮೂರ್ತಿಯಾಗಿಯೇ ನಿವೃತ್ತರಾದರು. ಆ ದಿನದ ಕ್ರಮ ವಿಪರ್ಯಯವಾಗಿದ್ದರೆ ದೇಶಕ್ಕೆ ಪ್ರಥಮ ಮಹಿಳಾ ಮುಖ್ಯ ನ್ಯಾಯಮೂರ್ತಿ 2005ರಲ್ಲೇ ದೊರೆಯುತ್ತಿದ್ದರು.

ಎರಡನೆಯ ನಿದರ್ಶನ 2021ರದು. 2019ರ ಸೆಪ್ಟೆಂಬರ್‌ನ ಅನಂತರ ಸುಮಾರು ಎರಡು ವರ್ಷ ಒಂದೂ ನೇಮಕ ನಡೆಯದೆ, 2021ರ ಆಗಸ್ಟ್ 31ರಂದು ಒಮ್ಮೆಗೇ 9 ಮಂದಿ ಪ್ರಮಾಣವಚನ ಸ್ವೀಕರಿಸಿದರು. ಅವರಲ್ಲಿ ಮೂವರು ಮಹಿಳೆಯರು. ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ 2008ರಿಂದ ಸೇವೆ ಸಲ್ಲಿಸಿದ್ದ ಬಿ. ವಿ. ನಾಗರತ್ನ ಅವರು ಇವರಲ್ಲೊಬ್ಬರು. ಜ್ಯೇಷ್ಠತೆಯ ಕ್ರಮದಂತೆ ಅವರು 2027ರ ಸೆಪ್ಟೆಂಬರ್‌ನಲ್ಲಿ ಸುಮಾರು 36 ದಿನಗಳ ಅವಧಿಗೆ ಮುಖ್ಯ ನ್ಯಾಯಮೂರ್ತಿಯಾಗುವರೆಂದು ಅಂದೇ ಗಣಿಸಲಾಯಿತು. ಅವರ ತಂದೆ ವೆಂಕಟರಾಮಯ್ಯನವರು ಮುಖ್ಯ ನ್ಯಾಯಮೂರ್ತಿಯಾಗಿದ್ದ ಅವಧಿಯಲ್ಲೇ, 1989ರ ಅಕ್ಟೋಬರ್‌ನಲ್ಲಿ, ಎಂ. ಫಾತಿಮಾ ಬೀವಿಯವರು ಸರ್ವೋಚ್ಚ ನ್ಯಾಯಾಲಯದ ಪ್ರಥಮ ಮಹಿಳಾ ನ್ಯಾಯಮೂರ್ತಿಯಾದರು. ಮೊದಲ ಮಹಿಳೆಯ ಪ್ರವೇಶಕ್ಕೆ 39 ವರ್ಷ ಹಿಡಿದದ್ದರ ಪರಿಣಾಮವು ಮುಖ್ಯ ನ್ಯಾಯಮೂರ್ತಿಯ ಪೀಠದವರೆಗೂ ಮುಂದುವರಿದುದನ್ನು ಇಲ್ಲಿ ಕಾಣಬಹುದು.

ಅಲಿಖಿತ ಮಾನದಂಡಗಳು

ಪ್ರವೇಶದ ಹಂತದಲ್ಲಿ ಪರಿಗಣನೆಗೆ ಬರುವ ಅಂಶಗಳು ಅಭ್ಯಾಸಬಲದಿಂದ ರೂಢಿಗೆ ಬಂದಂಥವು: ಉಚ್ಚ ನ್ಯಾಯಾಲಯಗಳಲ್ಲಿನ ಜ್ಯೇಷ್ಠತೆ, ವಿವಿಧ ಪ್ರದೇಶಗಳ ಪ್ರಾತಿನಿಧ್ಯ, ಮಹಿಳೆಯರು, ಅಲ್ಪಸಂಖ್ಯಾತರು ಮತ್ತು ಪರಿಶಿಷ್ಟ ವರ್ಗಗಳ ಪ್ರಾತಿನಿಧ್ಯ. ವಕೀಲವೃತ್ತಿಯಿಂದ ನೇರವಾಗಿ ಬಂದವರು ವಿರಳ. ಹಾಗೆ ಬಂದವರಲ್ಲಿ ಮೊದಲಿಗರಾದ ಎಸ್. ಎಂ. ಸಿಕ್ರಿ 1971ರಲ್ಲಿ, ಯು. ಯು. ಲಲಿತ್ 2022ರಲ್ಲಿ ಮುಖ್ಯ ನ್ಯಾಯಮೂರ್ತಿಗಳಾದರು. ಕೆ. ಎಸ್. ಹೆಗ್ಡೆಯವರ ಪುತ್ರ ಎನ್. ಸಂತೋಷ್ ಹೆಗ್ಡೆಯವರೂ 1999ರಲ್ಲಿ ಹೀಗೆಯೇ ನೇರವಾಗಿ ನೇಮಕಗೊಂಡವರು.

ಈ ಅಂಶಗಳಲ್ಲಿ ಯಾವುದೂ ಅಸಂಗತವಲ್ಲ. ಆದರೆ ಒಂದು ನೇಮಕದಲ್ಲಿ ಜ್ಯೇಷ್ಠತೆಯೂ ಮತ್ತೊಂದರಲ್ಲಿ ಪ್ರದೇಶವೂ ಮೇಲುಗೈ ಪಡೆದಾಗ, ಯಾವುದಕ್ಕೆ ಎಷ್ಟು ತೂಕವೆಂಬುದು ಹೊರಗಿನವರಿಗೆ ತಿಳಿಯುವುದಿಲ್ಲ. ಆದುದರಿಂದಲೇ ತೆರವಾದ ಸ್ಥಾನಗಳ ಚರ್ಚೆಯು ತೀರ್ಪುಗಳ ಗುಣಮಟ್ಟವನ್ನು ಕುರಿತು ನಡೆಯದೆ ಹೆಸರುಗಳ ಊಹೆಯಲ್ಲಿ ಮುಗಿಯುತ್ತದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ವ್ಯಕ್ತವಾಗುವುದೇನೆಂದರೆ, ಜ್ಯೇಷ್ಠತೆಯ ನಿಯಮವು ಆಯ್ಕೆಯನ್ನು ಇಲ್ಲವಾಗಿಸಿಲ್ಲ. ಅದನ್ನು ಕೆಲವು ವರ್ಷಗಳಷ್ಟು ಹಿಂದಕ್ಕೆ, ಪ್ರವೇಶದ ದಿನಕ್ಕೆ, ಒಯ್ದಿದೆ. 1973ರ ನಿರ್ಧಾರವು ಸಾರ್ವಜನಿಕವಾಗಿ ನಡೆಯಿತು. ಅದನ್ನು ಲೋಕಸಭೆಯಲ್ಲಿ ಸಮರ್ಥಿಸಬೇಕಾಯಿತು. ದೇಶ ಅದನ್ನು ಗುರುತಿಸಿತು. ಒಂದು ಹೆಸರನ್ನು ಕೆಲವು ತಿಂಗಳು ತಡೆದಿರಿಸುವುದು ಅಥವಾ ಪ್ರಮಾಣವಚನದ ಕ್ರಮದಲ್ಲಿ ಹಿಂದಿರಿಸುವುದು ಅದೇ ಪರಿಣಾಮವನ್ನು ಸದ್ದಿಲ್ಲದೆ ಉಂಟುಮಾಡಬಲ್ಲದು. ಅದನ್ನು ಸಮರ್ಥಿಸಬೇಕಾದ ಹೊಣೆ ಯಾರ ಮೇಲೂ ಬೀಳುವುದಿಲ್ಲ.

ಜ್ಯೇಷ್ಠತೆಯನ್ನು ಕೈಬಿಡಬೇಕೆಂಬುದು ಇದರ ತಾತ್ಪರ್ಯವಲ್ಲ. ಅದನ್ನು ಕೈಬಿಟ್ಟ ಎರಡು ಸಂದರ್ಭಗಳ ಫಲವನ್ನು ಇತಿಹಾಸ ಕಂಡಿದೆ. ಬೇಕಾದುದು ಪ್ರವೇಶದ ಹಂತದಲ್ಲಿ ಕಾರಣಗಳ ದಾಖಲೆ. ಆರಿಸಿದವರ ವಿಷಯದಲ್ಲಿ ಕಾರಣ ಬರೆಯಬೇಕೆಂದು 1998ರ ಅಭಿಪ್ರಾಯವೇ ಹೇಳಿದೆ. ಆ ಕಾರಣಗಳು ಪ್ರತಿಯೊಂದು ನೇಮಕದಲ್ಲೂ ಸವಿವರವಾಗಿ ಪ್ರಕಟವಾದಲ್ಲಿ, ಶಿಫಾರಸು ಮತ್ತು ನೇಮಕದ ನಡುವಣ ಪ್ರತಿಯೊಂದು ವಿಳಂಬಕ್ಕೂ ಉತ್ತರ ದೊರೆತಲ್ಲಿ, ತೆರವಾದ ಸ್ಥಾನಗಳನ್ನು ಕುರಿತ ಊಹೆಯು ವಿಮರ್ಶೆಯಾಗಿ ಮಾರ್ಪಡುತ್ತದೆ. ಮುಂದಿನ ಸಂಶೋಧಕರಿಗೂ ಅನುಮಾನಗಳ ಬದಲಿಗೆ ಆಧಾರಗಳು ಲಭಿಸುತ್ತವೆ.