ನಿಮಗಿದು ಗೊತ್ತೆ? ಹ್ಯಾರಿ ಪಾಟರ್‌ಗೆ ಸೈ ಎಂದವಳು 8 ವರ್ಷದ ಹುಡುಗಿ!

ಜೆ.ಕೆ. ರೌಲಿಂಗ್ ಅವರ ಮೊದಲ ಹ್ಯಾರಿ ಪಾಟರ್ ಹಸ್ತಪ್ರತಿಯನ್ನು ಹಲವು ಪ್ರಕಾಶಕರು ಬೇಡವೆಂದಿದ್ದರು. ಬ್ಲೂಮ್ಸ್‌ಬರಿ ಪ್ರಕಾಶನದ ನೈಜೆಲ್ ನ್ಯೂಟನ್ ಮಾತ್ರ ಆರಂಭದ ಪುಟಗಳನ್ನು ಮನೆಗೆ ಒಯ್ದು 8 ವರ್ಷದ ಮಗಳು ಆಲಿಸ್ ಕೈಗಿತ್ತರು. ಓದಿ ಮುಗಿಸಿದವಳು ಮುಂದಿನದು ಬೇಕೆಂದು ಅಪ್ಪನ ಬೆನ್ನು ಬಿದ್ದಳು. ಮಕ್ಕಳ ಪುಸ್ತಕಕ್ಕೆ ಮಗುವಿನ ಅಭಿಪ್ರಾಯವನ್ನೇ ಕೇಳಿದ್ದು ಎಂಥ ಒಳ್ಳೆಯ ಕೆಲಸ! 1997ರ ಜೂನ್ 26ರಂದು ಪುಸ್ತಕ ಹೊರಬಂತು. ಗಟ್ಟಿ ರಟ್ಟಿನ ಮೊದಲ ಮುದ್ರಣ ಬರೀ 500 ಪ್ರತಿ. ಅದರಲ್ಲೂ ಹೆಚ್ಚಿನವು ಗ್ರಂಥಾಲಯಗಳ ಪಾಲಾದವು.

ಹತ್ತು ವರ್ಷ ಕಳೆಯಿತು. 2007ರ ಜುಲೈ 21, ಶನಿವಾರ. ಏಳನೆಯ, ಕೊನೆಯ ಪುಸ್ತಕ ಲಂಡನ್ನಿನಲ್ಲಿ ನಡುರಾತ್ರಿ ಬಿಡುಗಡೆಯಾದಾಗ ಬೆಂಗಳೂರಿನಲ್ಲಿ ನಸುಕಿನ ನಾಲ್ಕೂವರೆ. ಅಂದು ಇಲ್ಲಿನ ಪುಸ್ತಕದಂಗಡಿಗಳೂ ಬೆಳ್ಳಂಬೆಳಿಗ್ಗೆ ಬಾಗಿಲು ತೆರೆದವು.

ಓದುಗರ ಅಭಿಪ್ರಾಯ ಈಗ ಬೇಕೆ? ದಂಡು ಪ್ರದೇಶದ ಚರ್ಚ್ ಸ್ಟ್ರೀಟ್‌ಗೆ ಬನ್ನಿ. ಎಂ.ಜಿ. ರಸ್ತೆಯ ಫುಟ್‌ಪಾತ್‌ನಲ್ಲಿ ಪುಸ್ತಕ ಮಾರುತ್ತಿದ್ದ ಮಾಯಿಗೌಡರು 2001ರಲ್ಲಿ ತೆರೆದ ಬ್ಲಾಸಮ್ ಪುಸ್ತಕದಂಗಡಿ ಇರುವುದು ಇಲ್ಲೇ. ಇಂಥ ಅಂಗಡಿಗಳಲ್ಲಿ ಸಿಗುವ ಹಳೆಯ ಪ್ರತಿಗಳನ್ನು ತಿರುವಿ ನೋಡಿ: ಐದನೆಯ ಭಾಗ 766 ಪುಟಗಳ ದಪ್ಪ ಹೊತ್ತಗೆ. ಅದರ ಕೊನೆಯ ಪುಟಗಳ ಅಂಚೂ ಮಕ್ಕಳ ಬೆರಳಿಗೆ ಸವೆದಿರುತ್ತದೆ.