ಕೊಳ್ಳುವವರು ಸಾಲದಿದ್ದ ಇನ್ಫೋಸಿಸ್ ಷೇರು!

1993ರಲ್ಲಿ ಇನ್ಫೋಸಿಸ್ ಮೊದಲ ಬಾರಿಗೆ ಜನರಿಗೆ ಷೇರು ಮಾರಲು ಹೊರಟಾಗ ಕೊಳ್ಳುವವರೇ ಸಾಲಲಿಲ್ಲ. ಬೆಲೆ ಬರೀ 95 ರೂಪಾಯಿ. ಕೈಹಿಡಿದದ್ದು ಅಮೆರಿಕದ ಹೂಡಿಕೆ ಬ್ಯಾಂಕ್ ಮಾರ್ಗನ್ ಸ್ಟ್ಯಾನ್ಲಿ. ಅದೇ ಬೆಲೆಗೆ ಶೇ 13ರಷ್ಟು ಪಾಲು ಅದರದಾಯಿತು. ಜೂನ್‌ನಲ್ಲಿ ಪೇಟೆಯಲ್ಲಿ ವಹಿವಾಟು ಶುರುವಾದದ್ದೇ 145 ರೂಪಾಯಿಗೆ! ಅಂದಮೇಲೆ ಇಂಥ ಮೊದಲ ಷೇರು ಮಾರಾಟಕ್ಕೆ (ಐಪಿಒ) ಬಿದ್ದ ಅರ್ಜಿಗಳ ರಾಶಿ ಕಂಪನಿಯ ಯೋಗ್ಯತೆಗೆ ಅಳತೆಗೋಲಲ್ಲ. ಆಗ ಸಾಫ್ಟ್‌ವೇರ್ ವ್ಯಾಪಾರ ಜನರಿಗೆ ಹೊಸತು, ಅದೊಂದು ಅಪವಾದ ಎನ್ನಬಹುದು. ವಿದ್ಯುತ್ತು ಹೊಸತಾಗಿರಲಿಲ್ಲವಲ್ಲ? 2008ರಲ್ಲಿ ರಿಲಯನ್ಸ್ ಪವರ್ ಷೇರಿಗೆ 70 ಪಟ್ಟಿಗೂ ಹೆಚ್ಚು ಬೇಡಿಕೆ ಬಂತು. 450 ರೂಪಾಯಿಗೆ ಹಂಚಿದ ಷೇರು ಮೊದಲ ದಿನದ ಕೊನೆಗೆ 400ಕ್ಕಿಂತಲೂ ಕೆಳಗಿಳಿಯಿತು. ಸಣ್ಣ ಹೂಡಿಕೆದಾರರಿಗೆ ಕೊಟ್ಟಿದ್ದ 20 ರೂಪಾಯಿ ರಿಯಾಯಿತಿಯೂ ಅವರನ್ನು ಕಾಯಲಿಲ್ಲ.