ಇಪ್ಪತ್ತೊಂದು ಗೇರು ಬಿಚ್ಚಿ ಒಂದು ಉಳಿಸ್ಕೊಳ್ಳೋದು ಹೇಗೆ?

ಯಾವ ಕಾಲೇಜಿನ ಸೈಕಲ್ ಸ್ಟ್ಯಾಂಡಿಗೆ ಹೋದ್ರೂ ಇಂಥದ್ದೊಂದು ಮೌಂಟನ್ ಬೈಕ್ ಇದ್ದೇ ಇರುತ್ತೆ. ಮುಂದೆ ಮೂರು, ಹಿಂದೆ ಏಳು, ಲೆಕ್ಕಕ್ಕೆ 21 ಗೇರು. ಆದರೆ ಡಿರೇಲರ್ ಬಗ್ಗಿದೆ, ಕೇಬಲ್ ತುಕ್ಕು ಹಿಡಿದಿದೆ, ಓನರ್ ಒಂದೇ ಗೇರಿನಲ್ಲಿ ಕಟಕಟ ಅನ್ನಿಸ್ಕೊಂಡು ಓಡಿಸ್ತಾ ಇರ್ತಾರೆ. ಹಾಗಿದ್ರೆ ಅದನ್ನ ನೀಟಾಗಿ ಸಿಂಗಲ್ ಸ್ಪೀಡ್ ಮಾಡಿಬಿಡಬಹುದಲ್ವಾ?

ಮಾಡಬಹುದು. ಆದರೆ "ಡಿರೇಲರ್ ಬಿಚ್ಚು, ಚೈನ್ ಕಟ್ ಮಾಡು, ಮುಗೀತು" ಅನ್ನೋ ಸಲಹೆ ನಂಬಬೇಡಿ. ಡಿರೇಲರ್ ಎರಡು ಕೆಲಸ ಮಾಡುತ್ತೆ. ಗೇರು ಬದಲಾಯಿಸೋದು ಒಂದು. ಸ್ಪ್ರಿಂಗ್ ಬಲದಿಂದ ಚೈನನ್ನ ಬಿಗಿಯಾಗಿ ಇಡೋದು ಇನ್ನೊಂದು. ಮೊದಲನೇ ಕೆಲಸ ನಮಗೆ ಬೇಡ. ಎರಡನೇದನ್ನ ಮಾತ್ರ ಯಾರಾದ್ರೂ ಮಾಡಲೇಬೇಕು. ಬಿಟಿಎಂ ಲೇಔಟ್ ಕಡೆಯಿಂದ ಸಿಲ್ಕ್ ಬೋರ್ಡ್‌ಗೆ ಬರ್ತಾ ಸಿಗ್ನಲ್ ಹಸಿರಾದಾಗ ಸೀಟಿಂದ ಎದ್ದು ಪೆಡಲ್ ಒತ್ತುತ್ತೀವಿ. ಆ ಕ್ಷಣ ಸಡಿಲ ಚೈನು ಹಲ್ಲು ಹಾರಿದರೆ ಕಾಲು ದಡಕ್ಕನೆ ಕೆಳಗೆ ಹೋಗುತ್ತೆ, ಎದೆ ಹ್ಯಾಂಡಲ್‌ಗೆ ಬಡಿಯುತ್ತೆ, ಹಿಂದೆ ಬಸ್ಸು ಇರುತ್ತೆ. ಅದಕ್ಕೇ ದುಡ್ಡು ಖರ್ಚು ಮಾಡೋ ಮುಂಚೆ ಕೆಲವು ವಿಷಯ ಅಳೆದು ನೋಡಬೇಕು.

ಯಾವ ಗೇರು?

26 ಇಂಚಿನ ಚಕ್ರಕ್ಕೆ 1.95 ಟೈರ್ ಹಾಕಿದ್ರೆ ಸುತ್ತಳತೆ ಸುಮಾರು 2.05 ಮೀಟರ್. ಮುಂದೆ 34 ಹಲ್ಲು, ಹಿಂದೆ 18 ಇದ್ದರೆ ಅನುಪಾತ 1.89. ಅಂದರೆ ಪೆಡಲ್ ಒಂದು ಸುತ್ತು ತಿರುಗಿದ್ರೆ ಸೈಕಲ್ 3.87 ಮೀಟರ್ ಹೋಗುತ್ತೆ. ನಿಮಿಷಕ್ಕೆ 80 ಸುತ್ತು ತುಳಿದ್ರೆ ಗಂಟೆಗೆ 18.6 ಕಿ.ಮೀ. ಅದೇ 42-16 ಹಾಕಿದ್ರೆ ಸುಮಾರು 25.8 ಕಿ.ಮೀ.

ಹಾಗಾದ್ರೆ 42-16 ಒಳ್ಳೇದಲ್ವಾ ಅನ್ಸುತ್ತೆ. ಜಯನಗರ 4ನೇ ಬ್ಲಾಕ್ ಸುತ್ತಮುತ್ತಲ ಸಮತಟ್ಟು ರಸ್ತೆಯಲ್ಲಿ ಹೌದು. ಆದರೆ ನಮ್ಮ ಸೌತ್ ಬೆಂಗಳೂರಲ್ಲಿ ರಾಗಿಗುಡ್ಡ ಅಂತ ಹೆಸರಲ್ಲೇ ಗುಡ್ಡ ಇದೆ, ಬನಶಂಕರಿ ಕಡೆ ಏರು ರಸ್ತೆಗಳು ಬೇಕಾದಷ್ಟಿವೆ. ಸವಾರ, ಸೈಕಲ್, ಬ್ಯಾಗು ಸೇರಿ 80 ಕೆ.ಜಿ. ಅಂದುಕೊಳ್ಳಿ, 5% ಏರು. ಏರಿನ ಬಲ, ಟೈರಿನ ಎಳೆತ ಸೇರಿ ಸುಮಾರು 47 ನ್ಯೂಟನ್. 170 ಮಿ.ಮೀ. ಕ್ರ್ಯಾಂಕಿನಲ್ಲಿ ಪೆಡಲ್ ಮೇಲೆ ಬೀಳೋ ಸರಾಸರಿ ಬಲ ಲೆಕ್ಕ ಹಾಕಿದ್ರೆ, 34-18ಕ್ಕೆ 170 ನ್ಯೂಟನ್, 42-16ಕ್ಕೆ ಹತ್ತಿರ ಹತ್ತಿರ 237. ಇದು ಸರಾಸರಿ ಅಷ್ಟೇ, ಕ್ರ್ಯಾಂಕ್ ಅಡ್ಡ ಇರುವಾಗ ಬೀಳೋ ಬಲ ಇನ್ನೂ ಜಾಸ್ತಿ. ದಿನಾ ಕಾಲೇಜಿಗೆ ಹೋಗಿ ಬರೋರಿಗೆ 1.9ರಿಂದ 2.2ರೊಳಗಿನ ಅನುಪಾತ ಸಾಕು. ಭಾನುವಾರ ಬಂದ್ರೆ ನಂದಿ ಬೆಟ್ಟ ಹತ್ತೋರಾದ್ರೆ ಗೇರು ಬಿಚ್ಚಲೇಬೇಡಿ, ಡಿರೇಲರ್ ರಿಪೇರಿ ಮಾಡಿಸಿ.

ಹಿಂದಿನ ಹಬ್ ಯಾವ ಜಾತಿ?

ಹಿಂದಿನ ಹಲ್ಲುಚಕ್ರಗಳ ಮಧ್ಯದಲ್ಲಿ ಟೂಲ್ ಕೂರೋ ಗಾಡಿ ಕಾಣುತ್ತೆ. ಹಲ್ಲುಚಕ್ರಗಳನ್ನ ಹಿಮ್ಮುಖ ತಿರುಗಿಸಿ. ಗಾಡಿಯೂ ಜೊತೆಗೆ ತಿರುಗಿದ್ರೆ ಅದು ಕ್ಯಾಸೆಟ್. ಗಾಡಿ ಸುಮ್ಮನೆ ನಿಂತಿದ್ರೆ ಅದು ಮರೆ ಹಾಕಿ ಕೂರಿಸಿದ ಫ್ರೀವೀಲ್. ಕಡಿಮೆ ಬೆಲೆಯ ಏಳು ಸ್ಪೀಡ್ ಬೈಕುಗಳಲ್ಲಿ ಸಾಮಾನ್ಯವಾಗಿ ಫ್ರೀವೀಲೇ ಇರುತ್ತೆ.

ಫ್ರೀವೀಲ್ ಆಗಿದ್ರೆ ಖುಷಿ ಪಡಿ. ಅದರ ಮರೆ 1.37 ಇಂಚು, ಇಂಚಿಗೆ 24 ಸುತ್ತು. ನಮ್ಮ ತಾತಂದಿರ ಕಾಲದ ಕರಿ ಸೈಕಲ್‌ಗೆ ಹಾಕೋ ಸಿಂಗಲ್ ಫ್ರೀವೀಲ್‌ದೂ ಇದೇ ಅಳತೆ, ಹಾಗಾಗಿ ಮಾಮೂಲಿ ಸೈಕಲ್ ಶಾಪಿನಲ್ಲೇ ಅಗ್ಗಕ್ಕೆ ಸಿಗುತ್ತೆ. ಹಳೇದನ್ನ ಬಿಚ್ಚೋಕೆ ಅದರ ಗಾಡಿಗೆ ಸರಿಹೊಂದೋ ರಿಮೂವರ್ ಬೇಕು. ತುಳಿದಷ್ಟೂ ಅದು ಬಿಗಿಯಾಗಿರುತ್ತೆ, ಆದ್ದರಿಂದ ಸುತ್ತಿಗೆ ಉಳಿ ಹಿಡಿಯದೆ ಶಾಪಿಗೇ ಕೊಡಿ. ಹೊಸದು ಹಾಕುವಾಗ ಮರೆಗೆ ಗ್ರೀಸ್ ಹಚ್ಚೋದು ಮರೀಬೇಡಿ.

ಕ್ಯಾಸೆಟ್ ಆಗಿದ್ರೆ ಒಂದು ಹಲ್ಲುಚಕ್ರ, ಎರಡೂ ಕಡೆಗೆ ಸ್ಪೇಸರ್‌ಗಳು ಇರೋ ಸಿಂಗಲ್ ಸ್ಪೀಡ್ ಕಿಟ್ ತಗೊಳ್ಳಿ. ಹಳೇ ಕ್ಯಾಸೆಟ್‌ನಿಂದ ಒಂದು ಚಕ್ರ ಕಿತ್ತು ಹಾಕೋಣ ಅನ್ಸಬಹುದು. ಆದರೆ ಆ ಹಲ್ಲುಗಳನ್ನ ಮಾಡಿರೋದೇ ಚೈನು ಸುಲಭವಾಗಿ ಪಕ್ಕಕ್ಕೆ ಜಾರಲಿ ಅಂತ. ನಮಗೆ ಬೇಕಾಗಿರೋದು ಜಾರದ, ಎತ್ತರದ ಹಲ್ಲು.

ಚೈನಿನ ಅಗಲ ಮತ್ತು ಲೈನು

ಎಲ್ಲ ಸೈಕಲ್ ಚೈನಿಗೂ ಪಿಚ್ ಅರ್ಧ ಇಂಚು, ಅಂದರೆ 12.7 ಮಿ.ಮೀ. ವ್ಯತ್ಯಾಸ ಇರೋದು ಒಳಗಿನ ಅಗಲದಲ್ಲಿ. ಗೇರ್ ಸೈಕಲ್ ಚೈನು ಸಾಮಾನ್ಯವಾಗಿ 3/32 ಇಂಚು, ಕರಿ ಸೈಕಲ್‌ದು 1/8 ಇಂಚು. ಶಾಪಿಂದ ತಂದ ಫ್ರೀವೀಲಿನ ಹಲ್ಲು 1/8 ಇಂಚು ದಪ್ಪ ಇದ್ದರೆ ಬೈಕಿನ ಹಳೇ ಚೈನು ಅದರ ಮೇಲೆ ಕೂರಲ್ಲ, ಹಲ್ಲಿನ ಮೇಲೇ ಸವಾರಿ ಮಾಡುತ್ತೆ. ಉಲ್ಟಾ ಆದರೆ ತೊಂದರೆ ಇಲ್ಲ: ಅಗಲದ 1/8 ಚೈನು ಮುಂದಿನ ತೆಳು ಹಲ್ಲಿನ ಮೇಲೂ ಓಡುತ್ತೆ. ಅನುಮಾನ ಇದ್ದರೆ 1/8 ಚೈನೇ ತಗೊಳ್ಳಿ. ಹಳೇ ಚೈನು ಹೊಸ ಹಲ್ಲು ಜೋಡಿಸೋದಂತೂ ಬೇಡ.

ಮುಂದೆ ಮೂರು ಚಕ್ರ ಇದ್ರೆ ಮಧ್ಯದ್ದನ್ನ ಬಳಸಿ. ಎಷ್ಟೋ ಬೈಕುಗಳಲ್ಲಿ 42-34-24 ಸೆಟ್ ಇರುತ್ತೆ, ಹಾಗಾಗಿ ಮಧ್ಯದ್ದು 34. ಮೂರೂ ರಿವೆಟ್ ಆಗಿದ್ರೆ ಬಿಚ್ಚೋಕೆ ಹೋಗ್ಬೇಡಿ, ಹಾಗೇ ಇರಲಿ. ಬೋಲ್ಟ್ ಇದ್ದು ಒಂದನ್ನೇ ಉಳಿಸ್ಕೊಳ್ಳೋದಾದ್ರೆ ಗಿಡ್ಡ ಬೋಲ್ಟ್‌ಗಳು ಬೇಕು.

ಆಮೇಲೆ ಉದ್ದದ ಸ್ಟೀಲ್ ಸ್ಕೇಲನ್ನ ಮುಂದಿನ ಚಕ್ರಕ್ಕೆ ಒತ್ತಿ ಹಿಂದಕ್ಕೆ ಚಾಚಿ. ಹಿಂದಿನ ಹಲ್ಲು ಅದೇ ಗೆರೆಯಲ್ಲಿರಬೇಕು. ಒಂದೆರಡು ಮಿ.ಮೀ. ಆಚೀಚೆ ನಡೆಯುತ್ತೆ, ಅದಕ್ಕಿಂತ ಜಾಸ್ತಿಯಾದ್ರೆ ಚೈನು ಸದ್ದು ಮಾಡುತ್ತೆ, ಬೇಗ ಸವೆಯುತ್ತೆ, ಬೀಳುತ್ತೆ. ಕ್ಯಾಸೆಟ್‌ನಲ್ಲಿ ಸ್ಪೇಸರ್ ಆಚೀಚೆ ಮಾಡಿದ್ರೆ ಸಾಕು. ಏಳು ಸ್ಪೀಡ್ ಹಬ್ಬಿಗೆ ಸಿಂಗಲ್ ಫ್ರೀವೀಲ್ ಹಾಕಿದಾಗ ಅದು ಸ್ಪೋಕುಗಳ ಹತ್ತಿರ ಕೂರುತ್ತೆ. ಆಗ ಆಕ್ಸಲ್‌ನ ಬಲಗಡೆ ಸ್ಪೇಸರ್ ಒಂದನ್ನ ಎಡಗಡೆಗೆ ಹಾಕಿ, ರಿಮ್ ಮತ್ತೆ ನಟ್ಟನಡುವೆ ಬರೋ ಹಾಗೆ ಸ್ಪೋಕು ಟೈಟ್ ಮಾಡಿಸಬೇಕು.

ಬಿಗಿ ಹಿಡಿಯೋರು ಯಾರು?

ಆಕ್ಸಲ್ ಕೂರೋ ಸೀಳು ಅಡ್ಡಡ್ಡ ಇದ್ದರೆ ಚಕ್ರವನ್ನ ಹಿಂದಕ್ಕೆ ಎಳೆದು ನಟ್ ಬಿಗಿದ್ರೆ ಆಯ್ತು, ಕರಿ ಸೈಕಲ್‌ದು ಹೀಗೇ ಇರುತ್ತೆ. ಆದರೆ ಮೌಂಟನ್ ಬೈಕುಗಳಲ್ಲಿ ಸೀಳು ಸಾಮಾನ್ಯವಾಗಿ ನೆಟ್ಟಗೆ ಇರುತ್ತೆ, ಚಕ್ರ ಹಿಂದೆ ಮುಂದೆ ಹೋಗಲ್ಲ. ಅದೃಷ್ಟ ಇದ್ದರೆ ಸರಿಯಾದ ಹಲ್ಲಿನ ಜೋಡಿಗೆ ಚೈನು ತಾನಾಗೇ ಬಿಗಿಯಾಗಿ ಕೂರುತ್ತೆ. ಇದನ್ನ ಲೆಕ್ಕ ಹಾಕೋ ಸೂತ್ರ ಮಷೀನ್ ಡಿಸೈನ್ ಪುಸ್ತಕದ ಚೈನ್ ಡ್ರೈವ್ ಪಾಠದಲ್ಲೇ ಇದೆ: ಎರಡು ಕೇಂದ್ರಗಳ ಅಂತರದ ಎರಡರಷ್ಟು, ಜೊತೆಗೆ ಹಲ್ಲುಗಳ ಮೊತ್ತದ ಅರ್ಧ, ಜೊತೆಗೆ ಹಲ್ಲುಗಳ ವ್ಯತ್ಯಾಸಕ್ಕೆ ಒಂದು ಪುಟ್ಟ ತಿದ್ದುಪಡಿ. ಎಲ್ಲವೂ ಪಿಚ್ ಲೆಕ್ಕದಲ್ಲಿ.

ಅಂತರ 430 ಮಿ.ಮೀ. ಅಂದುಕೊಳ್ಳಿ, ಅಂದರೆ 33.86 ಪಿಚ್. 32-18ಕ್ಕೆ ಉತ್ತರ 92.86. ಒಳಪ್ಲೇಟು ಹೊರಪ್ಲೇಟು ಒಂದಾದ ಮೇಲೊಂದು ಬರೋದ್ರಿಂದ ಮಾಮೂಲಿ ಚೈನಿನ ಪಿಚ್‌ಗಳು ಸಮಸಂಖ್ಯೆಯಲ್ಲೇ ಇರಬೇಕು. 92 ಸಾಲಲ್ಲ, 94 ಹಾಕಿದ್ರೆ 14 ಮಿ.ಮೀ.ಗಿಂತ ಜಾಸ್ತಿ ಸಡಿಲ. 34-18ಕ್ಕೆ ಉತ್ತರ 93.91. 94 ಪಿಚ್ ಚೈನು ಹಾಕಿದ್ರೆ ಸಡಿಲ ಬರೀ 1.2 ಮಿ.ಮೀ. ಪರ್ಫೆಕ್ಟ್!

ಆದರೆ ಇಲ್ಲೊಂದು ಮೋಸ ಇದೆ. ಆ 1.2 ಮಿ.ಮೀ. ಸಡಿಲಕ್ಕೇ ಕೆಳಗಿನ ಚೈನು ನಡುವಲ್ಲಿ 14 ಮಿ.ಮೀ. ಜೋತು ಬೀಳುತ್ತೆ, ಅದು ಪರವಾಗಿಲ್ಲ. ಚೈನು 0.5% ಸವೆದರೆ ಉದ್ದ ಇನ್ನೊಂದು 6 ಮಿ.ಮೀ. ಬೆಳೆಯುತ್ತೆ, ಆಗ ಜೋತು ಬೀಳೋದು ಸುಮಾರು 34 ಮಿ.ಮೀ. ಮೊದಲ ದಿನ ಸರಿಯಾಗಿದ್ದ ಲೆಕ್ಕ ನಮ್ಮೂರ ಧೂಳಿನಲ್ಲಿ ಕೆಲವು ತಿಂಗಳಿಗೇ ಕೆಡುತ್ತೆ. ಅದಕ್ಕೇ ನೆಟ್ಟಗಿನ ಸೀಳಿನ ಬೈಕಿಗೆ ಚೈನ್ ಟೆನ್ಷನರ್ ಹಾಕೋದೇ ಸರಿ. ಹೊಸದು ದುಬಾರಿ ಅನ್ನಿಸಿದ್ರೆ, ಸ್ಪ್ರಿಂಗ್ ಮತ್ತು ಪುಟ್ಟ ಚಕ್ರಗಳು ಚೆನ್ನಾಗಿರೋ ಹಳೇ ಡಿರೇಲರನ್ನೇ ಉಳಿಸ್ಕೊಳ್ಳಿ. ಅದರ ಲಿಮಿಟ್ ಸ್ಕ್ರೂ ತಿರುಗಿಸಿ ಚೈನಿನ ನೇರಕ್ಕೆ ನಿಲ್ಲಿಸಿ. ಸ್ಕ್ರೂ ಸಾಲದಿದ್ರೆ ಒಂದು ತುಂಡು ಕೇಬಲ್ ಎಳೆದು ಅದೇ ಜಾಗಕ್ಕೆ ಕಟ್ಟಿ. ಹಿಂದೆ ಸಸ್ಪೆನ್ಷನ್ ಇದ್ದರೆ ಗುಂಡಿ ಬಂದಾಗೆಲ್ಲ ಅಂತರ ಬದಲಾಗಬಹುದು, ಅಂಥ ಬೈಕಿಗೆ ಟೆನ್ಷನರ್ ಇರಲೇಬೇಕು.

ಫ್ರೇಮಿನಲ್ಲಿ ಡಿರೇಲರ್ ಕೂರೋ ಕಿವಿಯನ್ನ ಮಾತ್ರ ಕತ್ತರಿಸಬೇಡಿ, ಬಿಚ್ಚಿದ ಪಾರ್ಟ್ಸ್ ಒಂದು ಡಬ್ಬದಲ್ಲಿ ಇಡಿ. ನಾಳೆ ಮತ್ತೆ ಗೇರು ಬೇಕು ಅನ್ನಿಸಬಹುದು, ಇಲ್ಲಾ ಮಾರೋವಾಗ ಕೇಳಬಹುದು. ಎಲ್ಲ ಜೋಡಿಸಿದ ಮೇಲೆ ಖಾಲಿ ರಸ್ತೆಯಲ್ಲಿ ನಿಂತು, ಎರಡೂ ಬ್ರೇಕ್ ಹಿಡಿದು, ಪೆಡಲ್ ಮೇಲೆ ನಿಧಾನಕ್ಕೆ ಪೂರ್ತಿ ಭಾರ ಬಿಡಿ. ಕ್ರ್ಯಾಂಕನ್ನ ಸ್ವಲ್ಪ ಸ್ವಲ್ಪ ತಿರುಗಿಸಿ ನಾಲ್ಕೈದು ಜಾಗದಲ್ಲಿ ಹೀಗೆ ಮಾಡಿ. ಎಲ್ಲೂ ಟಕ್ ಅಂತ ಜಾರದಿದ್ರೆ ಮಾತ್ರ ಸಿಲ್ಕ್ ಬೋರ್ಡ್ ಕಡೆ ಹೊರಡಿ.